ರೈಲು ಹಳಿಯಡಿಯ ನಾಲ್ಕು ತಂತಿ

ನಮ್ಮ ಅಪ್ಪನಿಗೂ ಅತ್ತೆಗೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಆದರೂ ಇಬ್ಬರೂ ದಿನವಿಡೀ ಫೋನಿನಲ್ಲಿ ಮಾತಾಡುತ್ತಲೇ ಇದ್ದರು. ಅದು ಹೇಗೆ ಸಾಧ್ಯ ಎಂದು ಕೇಳುವವರು ನಮ್ಮ ಮನೆಯವರನ್ನು ಕಂಡಿಲ್ಲ ಅಷ್ಟೇ.

ಅತ್ತೆ ಎಂದರೆ ಅಪ್ಪನ ಸ್ವಂತ ಅಕ್ಕ. ಅಮ್ಮ ಇಲ್ಲದ ನನಗೆ ಜಡೆ ಹಾಕಿ, ಬೈದು, ಊಟ ಮಾಡಿಸಿ ಬೆಳೆಸಿದವಳು. ನಮ್ಮದು ತಾತ ಶುರು ಮಾಡಿದ ವ್ಯಾಪಾರ, ಒಡೆದ ಗಾಜಿನದು. ಊರಿನ ಬಾಟಲಿ, ಕಿಟಕಿ, ಬಸ್ಸಿನ ಮುಂಗನ್ನಡಿ ಎಲ್ಲ ಚೂರಾಗಿ ನಮ್ಮ ಅಂಗಳಕ್ಕೆ ಬಂದು ಬೀಳುತ್ತವೆ. ಬಿಳಿ, ಹಸಿರು, ಕಂದು ಎಂದು ಬೇರೆ ಮಾಡಿ ಲಾರಿಗೆ ತುಂಬಿ ಕುಲುಮೆಗೆ ಕಳಿಸುತ್ತೇವೆ. ಒಡೆದ ಗಾಜು, ಒಡೆದ ಮನಸ್ಸು ಎಂದು ಯಾರಾದರೂ ಕವಿತ್ವ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗಾಜಾದರೋ ಕಾಯಿಸಿದರೆ ಕರಗುತ್ತದೆ. ನಮ್ಮ ಮನೆಯವರು ಅಂಥವರಲ್ಲ.

ಜಗಳಕ್ಕೆ ಕಾರಣ ಅತ್ತೆಯ ಕೆಮ್ಮು. ಗಾಜಿನ ಧೂಳು ಕುಡಿದೂ ಕುಡಿದೂ ಅವಳ ಎದೆ ಹಿಡಿದುಕೊಂಡಿತ್ತು. ಧೂಳಿನಿಂದ ದೂರ ಇರಿ ಎಂದು ಡಾಕ್ಟರು ಹೇಳಿದ್ದೇ ತಡ, ಅತ್ತೆ ರೈಲು ಹಳಿಯ ಆಚೆಗಿದ್ದ ತಾತನ ಕಾಲದ ಗೋದಾಮಿಗೆ ಸುಣ್ಣ ಹೊಡೆಸಿದಳು, ಕಂಪ್ಯೂಟರು, ಬೀರು, ಕುರ್ಚಿಗಳನ್ನೆಲ್ಲ ಒಂದು ಬೆಳಗ್ಗೆ ಲಾರಿಗೆ ಹೇರಿಸಿಕೊಂಡು ಹೊರಟೇಬಿಟ್ಟಳು. ತಮ್ಮನನ್ನು ಒಂದು ಮಾತು ಕೇಳಲಿಲ್ಲ.

“ಆಫೀಸು ಇಬ್ರದ್ದೂ. ನನ್ನನ್ನ ಕೇಳ್ದೆ ಹೋದ್ಲಲ್ಲ, ಕೇಳ್ದೆ ವಾಪಸ್ಸೂ ಬರ್ಲಿ,” ಎಂದ ಅಪ್ಪ.

“ನಿನ್ನ ಕೆಮ್ಮು ಹೇಗಿದೆ ಅಕ್ಕ ಅಂತ ಒಂದೇ ಒಂದು ದಿನ ಬಂದು ಕೇಳಿದ್ನಾ ನಿಮ್ಮಪ್ಪ? ಮೊದ್ಲು ಅವನು ಬರ್ಲಿ,” ಎಂದಳು ಅತ್ತೆ.

ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು. ನಡುವೆ ಇದ್ದದ್ದು ಒಂದು ಜೋಡಿ ಹಳಿ, ಒಂದು ರೈಲ್ವೆ ಗೇಟು. ಅಪ್ಪನ ಕೋಣೆಯ ಕಿಟಕಿಯಿಂದ ನೋಡಿದರೆ ಅತ್ತೆಯ ಆಫೀಸಿನ ತಗಡಿನ ಸೂರು ಕಾಣುತ್ತಿತ್ತು. ಅಲ್ಲಿಗೆ ನಡೆದು ಹೋಗಲು ಮಾತ್ರ ಯಾರ ಕಾಲೂ ಏಳಲಿಲ್ಲ.

ವ್ಯಾಪಾರ ನಿಲ್ಲುವಂತಿರಲಿಲ್ಲವಲ್ಲ. ಲಾರಿ ತೂಗುವ ವೇಬ್ರಿಡ್ಜ್ ಮುಖ್ಯರಸ್ತೆಯ ಪಕ್ಕದ ನಮ್ಮ ಅಂಗಳದ ಗೇಟಿನಲ್ಲೇ ಇರಬೇಕು, ಅದು ಅಪ್ಪನ ರಾಜ್ಯ. ಬಿಲ್ಲು ಬರುವ ಕಂಪ್ಯೂಟರು ಹಳಿಯ ಆಚೆ, ಅದು ಅತ್ತೆಯ ರಾಜ್ಯ. ಎರಡಕ್ಕೂ ನಡುವೆ ತಾತ ಹಾಕಿಸಿಟ್ಟಿದ್ದ, ಪಕ್ಕದಲ್ಲಿರುವ ಹಿಡಿಕೆ ತಿರುಗಿಸಿದರೆ ಆ ಕಡೆ ಗಂಟೆ ಹೊಡೆಯುವ ಹಳೆಯ ಫೋನು. ಮೊಬೈಲು ಆಗಿನ್ನೂ ಎಲ್ಲರ ಕೈಗೂ ಬಂದಿರಲಿಲ್ಲ. ಲಾರಿ ವೇಬ್ರಿಡ್ಜಿನ ಕಬ್ಬಿಣದ ತಟ್ಟೆಯ ಮೇಲೆ ಹತ್ತಿದ ಕೂಡಲೇ ಅಪ್ಪ ಹಿಡಿಕೆ ತಿರುಗಿಸುತ್ತಿದ್ದ.

“ಹನ್ನೊಂದು ಸಾವಿರದ ಆರುನೂರ ನಲವತ್ತು,” ಎನ್ನುತ್ತಿದ್ದ. ಅಕ್ಕ ಇಲ್ಲ, ಹಲೋ ಇಲ್ಲ.

“ಹನ್ನೊಂದು ಸಾವಿರದ ಆರುನೂರ ನಲವತ್ತು,” ಎಂದು ಅತ್ತೆ ತಿರುಗಿ ಹೇಳುತ್ತಿದ್ದಳು. “ಸೊನ್ನೆ ನೋಡ್ಕೊಂಡು ತೂಗಿದ್ದಾ?”

ಖಾಲಿ ತಟ್ಟೆ ಸೊನ್ನೆ ತೋರಿಸುತ್ತಿದೆಯೇ ಎಂದು ನೋಡಿಕೊಂಡ ಮೇಲೆಯೇ ಲಾರಿ ಹತ್ತಿಸಬೇಕು, ಅದು ತೂಕದ ಮೊದಲ ಪಾಠ. ತೂಕ ಹಾಕುತ್ತಲೇ ತಲೆ ನರೆಸಿಕೊಂಡವನನ್ನು ಅದನ್ನು ಕೇಳಿದರೆ ಹೇಗಿರಬೇಡ?

“ನೋಡ್ಕೊಳ್ದೆ ತೂಗೋಕೆ ನನಗೇನು ಹುಚ್ಚಾ?”

“ಹುಚ್ಚು ಇದೆಯೋ ಇಲ್ವೋ ನಾನು ಕೇಳ್ಲಿಲ್ಲ, ಸೊನ್ನೆ ಇತ್ತಾ ಅಂತ ಕೇಳ್ದೆ.”

ಹೀಗೆ ಪ್ರತಿ ಲಾರಿಗೂ ಒಂದು ಕಂತು. ನಡುವೆ ರೈಲು ಬಂದರೆ ಏನೂ ಕೇಳಿಸದು. ರೈಲಿನ ಬಾಲ ದಾಟುವವರೆಗೆ ಇಬ್ಬರೂ ಫೋನು ಕಿವಿಗೆ ಒತ್ತಿಕೊಂಡೇ ನಿಂತಿರುತ್ತಿದ್ದರು, ಕೆಳಗಿಡುತ್ತಿರಲಿಲ್ಲ. ಅತ್ತೆಗೆ ಕೆಮ್ಮು ಬಂದರೆ ಅಪ್ಪ ಸುಮ್ಮನೆ ಕಾದು, ಅದು ನಿಂತ ಮೇಲೆ ಅದೇ ತೂಕವನ್ನು ನಿಧಾನವಾಗಿ ಇನ್ನೊಂದು ಸಲ ಹೇಳುತ್ತಿದ್ದ. ಬಿಸಿಲು ಜೋರಿದ್ದ ದಿನ ಅತ್ತೆ, “ಲಾರಿ ನೆರಳಿಗೆ ನಿಲ್ಸಿದ್ರೆ ಒಳ್ಳೇದು,” ಎನ್ನುತ್ತಿದ್ದಳು. ಲಾರಿಗೆ ನೆರಳು ಯಾಕೆ ಎಂದು ಯಾರೂ ಕೇಳಲಿಲ್ಲ. ಇತ್ತ ಲಾರಿಗಳು ಗೇಟಿನಿಂದ ರಸ್ತೆಯವರೆಗೆ ಸಾಲು ನಿಂತು ಹಾರ್ನ್ ಬಾರಿಸಿ ಬೀದಿಯವರ ಶಾಪವನ್ನೆಲ್ಲ ನಮಗೆ ಕೊಡಿಸುತ್ತಿದ್ದವು.

ಕೊನೆಗೊಂದು ದಿನ ಅತ್ತೆ ನನ್ನನ್ನು ಕರೆಸಿದಳು. ನನ್ನ ಕೆಲಸವೇ ಅದು, ಯಂತ್ರಕ್ಕೂ ಯಂತ್ರಕ್ಕೂ ಮಾತು ಕೂಡಿಸುವುದು. ಕಾರ್ಖಾನೆ, ಆಸ್ಪತ್ರೆ, ಗೋದಾಮು ಎಂದು ತಂತಿ ಎಳೆದುಕೊಂಡು ತಿರುಗುವುದರಿಂದ ಮನೆಯಲ್ಲೂ ಹೊರಗೂ ನನ್ನ ಹೆಸರು ವೈರು ಎಂದೇ ಆಗಿಹೋಗಿತ್ತು.

“ವೈರು, ಆ ತೂಕದ ಯಂತ್ರ ಹೇಳೋದು ಸೀದಾ ನನ್ನ ಕಂಪ್ಯೂಟರಿಗೆ ಬರೋ ಹಾಗೆ ಮಾಡು. ನಡುವೆ ಯಾವ ಮನುಷ್ಯನೂ ಬೇಡ,” ಎಂದಳು. “ಇನ್ನೊಂದು. ಸೊನ್ನೆ ಮಾಡೋದೂ ನನ್ನ ಕೈಲೇ ಇರ್ಬೇಕು, ಇಲ್ಲೇ ಕೂತು. ಅವನನ್ನ ನಂಬ್ಕೊಂಡು ಕೂರೋಕಾಗಲ್ಲ.”

ನನಗೆ ಖುಷಿಯೋ ಖುಷಿ. ಪರರ ಮನೆಗೆಲ್ಲ ಮಾಡಿಕೊಟ್ಟವಳಿಗೆ ಸ್ವಂತ ಮನೆಯ ಕೆಲಸ! ತೂಕದ ಯಂತ್ರದ ಹಿಂದೆ ಕಂಪ್ಯೂಟರಿಗೆಂದೇ ಕೊಟ್ಟ ಒಂದು ಕಿಂಡಿ ಇರುತ್ತದೆ. ಅದರಿಂದ ಹೊರಡುವ ಅಂಕಿಗಳು ಸಾಲಾಗಿ, ಒಂದರ ಹಿಂದೆ ಒಂದು, ತಂತಿಯಲ್ಲಿ ಹೋಗುತ್ತವೆ. ಕಷ್ಟವೆಂದರೆ ಅವುಗಳ ದನಿ ಬಲು ಮೆತ್ತಗೆ. ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಹೋಗುವಷ್ಟರಲ್ಲಿ ಸುಸ್ತಾಗುತ್ತವೆ, ಹಳಿ ದಾಟುವುದು ದೂರದ ಮಾತು. ಅದಕ್ಕೇ ಎರಡು ತುದಿಗೂ ಒಂದೊಂದು ಪುಟ್ಟ ಮೋಡೆಮ್ ಪೆಟ್ಟಿಗೆ ಇಡುವುದು. ಈ ಕಡೆಯದು ಮೆತ್ತಗಿನ ದನಿಯನ್ನು ದೂರ ಹೋಗುವ ಹಾಗೆ ಗಟ್ಟಿ ಮಾಡಿ ಸಾಧಾರಣ ಫೋನಿನ ತಂತಿಗೆ ಬಿಡುತ್ತದೆ, ಆ ಕಡೆಯದು ಹಿಡಿದು ಮತ್ತೆ ಮೊದಲಿನಂತೆ ಮಾಡಿ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಹೇಳಲು ಒಂದು ಜೋಡಿ ತಂತಿ, ಕೇಳಲು ಇನ್ನೊಂದು ಜೋಡಿ.

ತಂತಿ ಎಲ್ಲಿಂದ ತರುವುದು? ಹಳಿಯ ಕೆಳಗೆ ತಾತ ಹೂಳಿಸಿದ್ದ ಒಂದೇ ಕೊಳವೆ, ಅದರೊಳಗೆ ಒಂದೇ ಕೇಬಲ್ಲು, ಅದರಲ್ಲಿ ನಾಲ್ಕೇ ತಂತಿ. ನೀಲಿ ಜೋಡಿ ಒಂದು ಕಾಲದಲ್ಲಿ ಕರೆಗಂಟೆಗೆ ಇದ್ದದ್ದು, ಈಗ ಖಾಲಿ. ಕಿತ್ತಳೆ ಜೋಡಿ ಫೋನಿನದು. ಹೊಸ ಕೇಬಲ್ಲು ಹಾಕಲು ರೈಲಿನವರ ಅಪ್ಪಣೆ ಬೇಕು, ಅದು ಬರುವುದರೊಳಗೆ ನನ್ನ ತಲೆಯೂ ನರೆತಿರುತ್ತದೆ. “ಎರಡೂ ಜೋಡಿ ಬೇಕಾಗುತ್ತೆ ಅತ್ತೆ,” ಎಂದೆ. “ತಗೋ ತಗೋ,” ಎಂದಳು ಪರದೆಯಿಂದ ಕಣ್ಣು ಎತ್ತದೆ.

ಅಪ್ಪನಿಗೆ ವಿಷಯ ಹೇಳಿದೆ. ಫೋನು ತೆಗೆಯಬೇಕಾಗುತ್ತದೆ ಎಂದೂ ಹೇಳಿದೆ.

“ತೆಗಿ. ನಂಗೇನು,” ಎಂದ. “ದಿನಾ ಬೊಬ್ಬೆ ಹೊಡ್ದು ಗಂಟ್ಲು ಹರ್ದುಹೋಗಿದೆ.”

ಮರುದಿನ ಬೆಳಗ್ಗೆ ತಿರುಪು ಬಿಚ್ಚಲು ಹೋದಾಗ ಫೋನು ಫಳಫಳ ಹೊಳೆಯುತ್ತಿತ್ತು. ಅಪ್ಪ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿಡಿಕೆಗೆ ಒಂದು ತೊಟ್ಟು ಎಣ್ಣೆ ಬಿಟ್ಟಿದ್ದ. ಕೆಲಸ ಮುಗಿದು ಮೂಲೆ ಸೇರುವ ವಸ್ತುವಿಗೆ ಎಣ್ಣೆ ಯಾಕೆ ಎಂದು ನಾನು ಕೇಳಬಹುದಿತ್ತು. ಹೊಸ ಪೆಟ್ಟಿಗೆಯ ಹುರುಪಿನಲ್ಲಿ ನನಗೆ ಅದೆಲ್ಲ ಕಾಣಲೇ ಇಲ್ಲ.

ಅಪ್ಪನ ಕಡೆಯ ಪೆಟ್ಟಿಗೆ ಕೂರಿಸಿದೆ. ರೈಲ್ವೆ ಗೇಟು ದಾಟಿ ಅತ್ತೆಯ ಕಡೆಯದೂ ಕೂರಿಸಿದೆ. ಎರಡು ಕಡೆಯೂ ನೀಲಿಯನ್ನು ಹೇಳುವ ತಿರುಪಿಗೆ, ಕಿತ್ತಳೆಯನ್ನು ಕೇಳುವ ತಿರುಪಿಗೆ ಕಟ್ಟಿಬಿಟ್ಟಿದ್ದೆ, ಗಡಿಬಿಡಿ. ಎರಡು ಪೆಟ್ಟಿಗೆಯೂ ಒಂದೇ ಜೋಡಿಯಲ್ಲಿ ಹೇಳುತ್ತಿದ್ದವು, ಇನ್ನೊಂದು ಜೋಡಿಗೆ ಕಿವಿ ಇಟ್ಟು ಸುಮ್ಮನೆ ಕೂತಿದ್ದವು. ಆಚೆಯ ಮಾತು ತಲುಪಿದರೆ ಹತ್ತಬೇಕಾದ ದೀಪ ಹತ್ತಲಿಲ್ಲ.

“ಏನಾಯ್ತು?” ಎಂದಳು ಅತ್ತೆ.

“ಇಬ್ರೂ ಒಂದೇ ಜೋಡೀಲಿ ಮಾತಾಡ್ತಿದ್ದಾರೆ, ಕೇಳೋರಿಲ್ಲ. ಒಂದು ಕಡೆ ಮಾತ್ರ ನೀಲಿ, ಕಿತ್ತಳೆ ಅದಲುಬದಲು ಮಾಡಿದ್ರೆ ಆಯ್ತು. ಅಪ್ಪನ ಕಡೇದು ಮಾಡಿ ಬರ್ತೀನಿ.”

ಇಲ್ಲೇ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಬಹುದಿತ್ತು. ಆದರೆ ಅತ್ತೆಯ ಕಡೆಯ ತಂತಿಗಳನ್ನು ಗೋಡೆಗುಂಟ ನೀಟಾಗಿ ಮೊಳೆ ಹೊಡೆದು ಕಟ್ಟಿದ್ದೆ, ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ಹೋದೆ. ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸು ಗಾಡಿ ಬಂದಿತು, ಹೋಯಿತು, ಅದರ ಹಿಂದೆ ಇನ್ನೊಂದು ಬಂದಿತು.

ನಮ್ಮ ಮನೆಯವರ ಒಂದು ಗುಣ ಹೇಳಬೇಕು. ಯಾರದೇ ತಪ್ಪು ಕಂಡರೂ ಬಾಯಿಬಿಟ್ಟು ಹೇಳುವುದಿಲ್ಲ. ಸದ್ದಿಲ್ಲದೆ ತಾವೇ ಸರಿ ಮಾಡಿಬಿಡುತ್ತಾರೆ. ಸಾರಿಗೆ ಉಪ್ಪು ಕಡಿಮೆ ಎಂದು ಯಾರೂ ಅನ್ನುವುದಿಲ್ಲ, ಎಲ್ಲರೂ ಒಂದೊಂದು ಚಿಟಿಕೆ ಹಾಕಿ ಹೋಗುತ್ತಾರೆ, ಕೊನೆಗೆ ಸಾರನ್ನು ನಾಯಿಯೂ ಮೂಸುವುದಿಲ್ಲ.

ನಾನು ಹೋಗುವಷ್ಟರಲ್ಲಿ ಅಪ್ಪನ ಪೆಟ್ಟಿಗೆಯಲ್ಲಿ ತಂತಿ ಆಗಲೇ ಅದಲುಬದಲಾಗಿತ್ತು.

“ನೀನು ಮಾಡಿದ್ದಾ?”

“ಪೆಟ್ಟಿಗೆ ಜೊತೆ ಚೀಟಿ ಕೊಟ್ಟಿದ್ರಲ್ಲ, ಓದ್ದೆ,” ಎಂದ ಅಪ್ಪ ಕನ್ನಡಕ ಏರಿಸುತ್ತ. “ನೀನು ಯಾಕೆ ಸುಮ್ನೆ ಅಲೀಬೇಕು ಅಂತ ಮಾಡಿಟ್ಟೆ.”

ಸರಿಯಾಗಿಯೇ ಮಾಡಿದ್ದ. ದೀಪ ಮಾತ್ರ ಹತ್ತಿರಲಿಲ್ಲ. ನನಗೆ ಅನುಮಾನ ಬಂದು ಮತ್ತೆ ಹಳಿ ದಾಟಿದೆ. ಅತ್ತೆ ಕೈಯಲ್ಲಿ ಸ್ಕ್ರೂಡ್ರೈವರು ಹಿಡಿದೇ ಕೂತಿದ್ದಳು. ನಾನು ಅಷ್ಟು ಚೆಂದಕ್ಕೆ ಕಟ್ಟಿದ್ದ ತಂತಿ ಗೋಡೆಯಿಂದ ಕಿತ್ತು ನೇತಾಡುತ್ತಿತ್ತು.

“ಅತ್ತೆ, ನೀನೂ ತಿರುಗ್ಸಿದ್ಯಾ?”

“ಒಂದು ಕಡೆ ಅಂದ್ಯಲ್ಲ, ಈ ಕಡೆ ಆದ್ರೇನು ಆ ಕಡೆ ಆದ್ರೇನು. ಗೇಟು ಬಿದ್ದಿದ್ದು ಕಾಣಿಸ್ತು. ಬಿಸಿಲಲ್ಲಿ ನಿಂತಿದ್ದೀಯ ಅಂತ ನಾನೇ ಮಾಡ್ದೆ.”

“ಅಪ್ಪನೂ ಮಾಡಿದ್ದಾನೆ! ಇಬ್ರೂ ತಿರುಗ್ಸಿದ್ರೆ ಮತ್ತೆ ಅಲ್ಲಿಗೇ ಬಂತು.”

“ಅವನು ತಾನಾಗಿ ಮಾಡಿದ್ನಾ?” ಎಂದಳು ಅತ್ತೆ. ಸ್ಕ್ರೂಡ್ರೈವರನ್ನು ಮತ್ತೆ ತಂತಿಯತ್ತ ಒಯ್ದಳು. “ಹಾಗಾದ್ರೆ ಅವನದ್ದೇ ಇರ್ಲಿ. ನಂದು ವಾಪಸ್ ಹಾಕ್ತೀನಿ.”

ಅತ್ತೆ ಸೋತು ಒಪ್ಪಿಕೊಂಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮೊದಲಿನಂತೆ ಹಾಕಿದೆವು. ದೀಪ ಹತ್ತಲಿಲ್ಲ. ಮತ್ತೆ ಓಡಿದೆ. ಅಪ್ಪ ಬಾಗಿಲಲ್ಲೇ ನಿಂತಿದ್ದ.

“ನೀನು ಹೋದ ಮೇಲೆ ಯೋಚ್ನೆ ಮಾಡ್ದೆ. ಅವಳು ಸುಮ್ನೆ ಕೂರೋಳಲ್ಲ, ಖಂಡಿತ ಅವಳೂ ತಿರುಗ್ಸಿರ್ತಾಳೆ. ಹೋಗ್ಲಿ, ಅವಳದ್ದೇ ಇರ್ಲಿ ಅಂತ ನಂದು ವಾಪಸ್ ಹಾಕ್ದೆ. ಹತ್ತಿತಾ?”

ನಾನು ತೂಕದ ತಟ್ಟೆಯ ಅಂಚಿನಲ್ಲಿ ಕುಕ್ಕರಿಸಿ ಕೂತೆ. ಮೂರು ವರ್ಷ ಒಬ್ಬರೂ ಒಂದು ಹೆಜ್ಜೆ ಸರಿಯದೆ ನಿಂತವರು, ಇವತ್ತು ಇಬ್ಬರೂ ಒಟ್ಟಿಗೆ ಸರಿದು ನನ್ನ ಕಾಲು ಸವೆಸುತ್ತಿದ್ದರು. ಸಾಲಿನಲ್ಲಿದ್ದ ಡ್ರೈವರುಗಳು ಇಳಿದು ಬಂದು ತಮಾಷೆ ನೋಡತೊಡಗಿದ್ದರು. “ಏನು ವೈರಕ್ಕ, ಒಂದು ಫೋನು ಮಾಡಿ ಕೇಳಬಾರ್ದಾ?” ಎಂದ ಒಬ್ಬ.

ಫೋನು! ಒಂದೇ ಒಂದು ಮಾತು, ‘ನೀನು ಮುಟ್ಟಬೇಡ, ನಾನು ತಿರುಗಿಸ್ತೀನಿ’ ಎಂದಿದ್ದರೆ ಬೆಳಗ್ಗೆಯೇ ಮುಗಿಯುತ್ತಿತ್ತು. ಫೋನು ಮೇಜಿನ ಮೇಲೆ ಬಾಲ ಕತ್ತರಿಸಿಕೊಂಡು ಮಲಗಿತ್ತು. ಅಪ್ಪ ಅದರತ್ತ ನೋಡಿದ, ನಾನು ನೋಡುತ್ತಿರುವುದು ಕಂಡು ಮುಖ ತಿರುಗಿಸಿ ತಟ್ಟೆಯ ಮೇಲಿನ ಗಾಜಿನ ಚೂರು ಗುಡಿಸಲು ಹೋದ. ಆಗ ನನಗೆ ಹೊಳೆಯಿತು. ಅದುವರೆಗೆ ನಾನು ಒಂದು ಹೊಸ ಸಂಪರ್ಕ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಇದ್ದ ಒಂದೇ ಒಂದನ್ನು ನನ್ನ ಕೈಯಾರೆ ಬಿಚ್ಚಿದ್ದೆ. ನಾಳೆಯಿಂದ ತೂಕ ತಾನಾಗಿ ಹೋಗುತ್ತದೆ. ಇವರಿಬ್ಬರಿಗೆ ಬೈದುಕೊಳ್ಳಲೂ ನೆಪವಿರುವುದಿಲ್ಲ. ವರ್ಷಗಟ್ಟಲೆ ಆ ಸೂರನ್ನು ಇವನು, ಈ ಗೇಟನ್ನು ಅವಳು ನೋಡಿಕೊಂಡು ಮುದುಕರಾಗುತ್ತಾರೆ.

“ಅಪ್ಪ, ಈ ಪೆಟ್ಟಿಗೇನ ನಾನು ಬಂದು ಹೇಳೋತನಕ ಮುಟ್ಟಬೇಡ,” ಎಂದು ಕೈಮುಗಿದು ಹೇಳಿ ಮತ್ತೆ ಹೊರಟೆ.

ಅತ್ತೆ ಬಾಗಿಲಲ್ಲಿ ಕಾಯುತ್ತಿದ್ದಳು. “ಆಗಿಲ್ವಾ ಇನ್ನೂ? ಹೋಗ್ಲಿ, ಮೊದ್ಲು ಫೋನಾದ್ರೂ ಹಾಕ್ಕೊಡು. ಎಷ್ಟು ಲಾರಿ ನಿಂತಿದ್ಯೋ ಏನೋ, ಅವನು ಊಟ ಮಾಡಿದ್ನೋ ಇಲ್ವೋ. ಕೆಲಸ ಮುಗಿದ್ಮೇಲೆ ಹೇಗೂ ಹಾಕ್ತೀಯಲ್ಲ?”

“ಫೋನು ವಾಪಸ್ ಬರಲ್ಲ ಅತ್ತೆ.”

“ಅಂದ್ರೆ?”

“ಅದರ ತಂತೀನೇ ಇದು. ಅವತ್ತೇ ಹೇಳಿದ್ನಲ್ಲ, ಎರಡೂ ಜೋಡಿ ಬೇಕು ಅಂತ.”

“ಎರಡು ಜೋಡಿ ಅಂದ್ರೆ ನಿನ್ನ ಚೀಲದಲ್ಲಿರೋ ವೈರು ಅಂದ್ಕೊಂಡೆ ನಾನು!” ಅತ್ತೆ ಕುರ್ಚಿ ಎಳೆದು ಕೂತಳು. ಫೋನಿಲ್ಲದ ಗೋಡೆಯ ಮೇಲೆ ಅದರ ಆಕಾರದಷ್ಟು ಹಳೆಯ ಬಣ್ಣ ಉಳಿದಿತ್ತು. “ಹಾಗಾದ್ರೆ ಅವನು... ಬೆಳಗಿಂದ ಸಂಜೆತನಕ ಅವನು ಅಲ್ಲಿದ್ದಾನೋ ಇಲ್ವೋ ನಂಗೆ ಹೇಗೆ ಗೊತ್ತಾಗ್ಬೇಕು?”

“ತೂಕ ಬರುತ್ತಲ್ಲ.”

“ತೂಕ ಯಂತ್ರ ಕಳ್ಸುತ್ತೆ ಕಣೇ!” ಎಂದು ರೇಗಿದಳು. ರೇಗಿದ ರಭಸಕ್ಕೆ ಕೆಮ್ಮು ಬಂತು. ನೀರು ಕೊಟ್ಟೆ. ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಮೆಲ್ಲಗೆ ಕೇಳಿದಳು. “ಒಂದೇ ಜೋಡೀಲಿ ಆಗಲ್ವಾ ನಿನ್ನ ಕೆಲಸ?”

“ಆಗುತ್ತೆ. ತೂಕ ಅಲ್ಲಿಂದ ಇಲ್ಲಿಗೆ ಬರೋಕೆ ಒಂದು ಜೋಡಿ ಸಾಕು. ಆದ್ರೆ ಇಲ್ಲಿಂದ ಅಲ್ಲಿಗೆ ಏನೂ ಹೋಗಲ್ಲ. ಸೊನ್ನೆ ನಿನ್ನ ಕೈಲಿ ಇರಲ್ಲ, ಅಪ್ಪನ ಕೈಲೇ ಉಳಿಯುತ್ತೆ.”

ಕಂಪ್ಯೂಟರಿನ ಫ್ಯಾನು ಗುಂಯ್‌ಗುಡುತ್ತಿತ್ತು. ಅತ್ತೆ ಕಿಟಕಿಯಿಂದ ಗೇಟಿನ ಕಡೆ ನೋಡಿದಳು. ಯೋಚಿಸಿದ್ದು ಬಹಳ ಹೊತ್ತೇನಲ್ಲ.

“ಸೊನ್ನೆ ಅವನೇ ನೋಡ್ಕೊಳ್ಲಿ,” ಎಂದಳು. “ಇಷ್ಟು ವರ್ಷ ನೋಡ್ಕೊಂಡಿಲ್ವಾ? ಒಂದು ದಿನ ತಪ್ಪಿದ್ದು ನಾನಂತೂ ಕಂಡಿಲ್ಲ. ಹೋಗು, ಫೋನು ಹಾಕು.”

ಆ ಸಲ ಗೇಟು ತೆರೆದೇ ಇತ್ತು. ಓಡಿ ಬಂದು ಅತ್ತೆ ಹೇಳಿದ್ದನ್ನು ಅಕ್ಷರ ಬಿಡದೆ ಅಪ್ಪನಿಗೆ ಹೇಳಿದೆ.

“ಹಾಗಂದ್ಲಾ?”

“ಹಾಗೇ ಅಂದ್ಲು.”

“ಒಂದು ದಿನಾನೂ ತಪ್ಪಿಲ್ಲ ಅಂದ್ಲಾ?”

“ಅಂದ್ಲು ಅಪ್ಪ.”

“ಇನ್ನೊಂದ್ಸಲ ಹೇಳು, ಏನಂದ್ಲು?”

ಇನ್ನೊಂದು ಸಲ ಹೇಳಿದೆ. ಅಪ್ಪ ಹೊರಗೆ ಹೋಗಿ, ಆಗಲೇ ಗುಡಿಸಿದ್ದ ತಟ್ಟೆಯನ್ನು ಮತ್ತೊಮ್ಮೆ ಗುಡಿಸಿದ. ಒಳಗೆ ಬಂದು ಯಂತ್ರದ ಗುಂಡಿ ಒತ್ತಿ ಸೊನ್ನೆ ಮಾಡಿ, ಅದನ್ನೇ ನೋಡುತ್ತ ನಿಂತ. ನಾನು ಸ್ಕ್ರೂಡ್ರೈವರು ಕೈಗೆತ್ತಿಕೊಂಡೆ.

ಉಳಿದ ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಅಪ್ಪನ ಪೆಟ್ಟಿಗೆಯಲ್ಲಿ ನೀಲಿ ಜೋಡಿ ಹೇಳುವ ಕಡೆಗೆ, ಅತ್ತೆಯ ಪೆಟ್ಟಿಗೆಯಲ್ಲಿ ಅದೇ ನೀಲಿ ಕೇಳುವ ಕಡೆಗೆ. ಇದ್ದದ್ದೇ ಒಂದು ಜೋಡಿಯಾದ್ದರಿಂದ ಅದಲುಬದಲು ಮಾಡಲು ಇಬ್ಬರಿಗೂ ಏನೂ ಉಳಿಯಲಿಲ್ಲ. ಕಿತ್ತಳೆ ಜೋಡಿ ಹಿಂದಿನಂತೆ ಫೋನಿಗೆ. ಅತ್ತೆಯ ಕಡೆ ದೀಪ ಹತ್ತಿದ್ದನ್ನು ಕಣ್ಣಾರೆ ನೋಡಿಯೇ ನಾನು ಅಪ್ಪನ ಕೋಣೆಗೆ ಮರಳಿದ್ದು.

ಮೊದಲ ಲಾರಿ ತಟ್ಟೆ ಹತ್ತಿತು. ಕೆಂಪು ಅಂಕಿಗಳು ಓಡಾಡಿ ಒಂದು ಕಡೆ ನಿಂತವು. ಪೆಟ್ಟಿಗೆಯ ದೀಪ ಮಿಣಕ್ ಎಂದಿತು, ಅಷ್ಟೇ, ತೂಕ ಹೋಯಿತು. ಅಪ್ಪನ ಕೈ ಅಭ್ಯಾಸ ಬಲದಿಂದ ಫೋನಿನ ಹಿಡಿಕೆಯತ್ತ ಹೋಗಿ, ಅರ್ಧದಲ್ಲೇ ನಿಂತಿತು. ಹೇಳಲು ಅವನ ಬಳಿ ಅಂಕಿಯೇ ಇರಲಿಲ್ಲ, ಅದು ಆಗಲೇ ಆಚೆ ಮುಟ್ಟಿತ್ತು. ಕೈ ಎಲ್ಲಿಡುವುದೆಂದು ತಿಳಿಯದೆ ಅಂಗಿಯ ಗುಂಡಿ ಸರಿಮಾಡಿಕೊಂಡ.

ಫೋನು ಬಡಿದುಕೊಂಡಿತು.

ಮೂರು ವರ್ಷದಲ್ಲಿ ಯಾವತ್ತೂ ಆ ಕಡೆಯಿಂದ ಗಂಟೆ ಹೊಡೆದಿರಲಿಲ್ಲ. ತೂಕ ಇದ್ದದ್ದು ಅಪ್ಪನ ಹತ್ತಿರ, ಆದ್ದರಿಂದ ಮೊದಲು ಕರೆಯಬೇಕಾದದ್ದು ಯಾವಾಗಲೂ ಅವನೇ. ಅಪ್ಪ ಬೆಚ್ಚಿಬಿದ್ದು ಎತ್ತಿದ. ಹಳೆಯ ಫೋನು, ಆಚೆಯ ಮಾತು ಕೋಣೆಯಲ್ಲಿದ್ದವರಿಗೆಲ್ಲ ಕೇಳುತ್ತದೆ.

“ಬಂತು,” ಎಂದಳು ಅತ್ತೆ.

“ಏನು?”

“ತೂಕ.”

“ಸರಿಯಾಗಿದ್ಯಾ?”

“ಸರಿಯಾಗಿದೆ.”

ಇಬ್ಬರೂ ಫೋನು ಕೆಳಗಿಡಲಿಲ್ಲ. ರೈಲೂ ಇರಲಿಲ್ಲ, ಕಾಯಲು ನೆಪವೆಂದು. ಆಮೇಲೆ ತಂತಿಯ ಆ ತುದಿಯಲ್ಲಿ ಅತ್ತೆ ಕೆಮ್ಮಿದಳು. ಅಪ್ಪ ಎಂದಿನಂತೆ ಕಾದ. ಕೆಮ್ಮು ನಿಂತಿತು. ತಿರುಗಿ ಹೇಳಲು ಅವನಿಗೆ ಈ ಸಲ ತೂಕವಿರಲಿಲ್ಲ. ಗೋಡೆಯ ಕಡೆ ತಿರುಗಿ ನಿಂತ.

“ಕೆಮ್ಮು ಹೇಗಿದೆ ಅಕ್ಕ?” ಎಂದ.

ಆಚೆಯಿಂದ ಏನು ಬಂತೋ ಕೇಳಲು ನಾನು ನಿಲ್ಲಲಿಲ್ಲ, ಹೊರಗೆ ಬಂದೆ. ತಟ್ಟೆಯ ಮೇಲಿನ ಲಾರಿಯವನು ತಲೆ ಹೊರಗೆ ಹಾಕಿ, “ತೂಕ ಹೋಯ್ತಲ್ಲ, ಬಿಡಿ ಇನ್ನ!” ಎಂದು ಹಾರ್ನ್ ಒತ್ತಿದ. ಅವನ ಹಿಂದೆ ಸಾಲು ರಸ್ತೆಯವರೆಗೂ ಇತ್ತು. ಸ್ವಲ್ಪ ತಡಿ ಎಂದು ನಾನು ಕೈ ತೋರಿಸಿದೆ.